ಪತ್ಮೋಸ್ ದ್ವೀಪದ ಮಠವೂ ಅದರ ಪುಸ್ತಕ ಭಂಡಾರವೂ

ಈಜಿಯನ್ ಸಮುದ್ರದ ಭೂಪಟವನ್ನು ಬಿಡಿಸಿ ನೋಡಿದರೆ, ಏಷ್ಯಾ ಮೈನರಿನ ಪಶ್ಚಿಮ ತೀರದ ಎದುರಿಗೆ, ಹಿಡಿ ಕಾಳನ್ನು ಎರಚಿದಂತೆ ಚದರಿರುವ ದ್ವೀಪಗಳು ಕಾಣುತ್ತವೆ. ಇವುಗಳಿಗೆ ಡೊಡೆಕನೀಸ್ ಎಂದು ಹೆಸರು. ಹನ್ನೆರಡು ದ್ವೀಪಗಳು ಎಂದು ಅದರ ಅರ್ಥ. ಎಣಿಸುತ್ತ ಹೋದರೆ ಹನ್ನೆರಡಕ್ಕಿಂತ ಹೆಚ್ಚೇ ಆಗುತ್ತವೆ. ಈ ಗುಂಪಿನ ಉತ್ತರ ಭಾಗದಲ್ಲಿ ಪತ್ಮೋಸ್ ಎಂಬುದೊಂದು ಸಣ್ಣ ದ್ವೀಪ. ವಿಸ್ತಾರ ಸುಮಾರು 34 ಚದರ ಕಿಲೋಮೀಟರು. ಜನಸಂಖ್ಯೆ ಸುಮಾರು ಮೂರು ಸಾವಿರ. ಅಲ್ಲಿ ನದಿಯಿಲ್ಲ, ಫಲವತ್ತಾದ ಬಯಲಿಲ್ಲ, ಎತ್ತ ನೋಡಿದರೂ ಬೋಳು ಬಂಡೆ, ಬಂಡೆಯ ಅಂಚಿಗೆ ನೀಲಿಯ ಕಡಲು. ಇಂದಿಗೂ ಅಲ್ಲಿ ವಿಮಾನ ನಿಲ್ದಾಣವಿಲ್ಲ. ಅಥೆನ್ಸಿನ ಬಂದರಾದ ಪಿರೇಯಸ್ಸಿನಿಂದಲೋ ಹತ್ತಿರದ ಬೇರೆ ದ್ವೀಪಗಳಿಂದಲೋ ಹಡಗಿನಲ್ಲಿ ಹೋಗಬೇಕು.

ಇಂಥ ಬಡ ನೆಲಕ್ಕೆ ಜನ ದೂರದೇಶಗಳಿಂದ ಯಾತ್ರೆ ಬರುವುದಕ್ಕೆ ಒಂದು ಪುಸ್ತಕವೇ ಕಾರಣ. ಕ್ರೈಸ್ತರ ಬೈಬಲಿನ ಕೊನೆಯ ಭಾಗವಾದ ಪ್ರಕಟನೆಯ ಗ್ರಂಥವನ್ನು ಯೋಹಾನನು ಈ ದ್ವೀಪದಲ್ಲಿ ಕಂಡುಕೊಂಡನೆಂಬುದು ನಂಬಿಕೆ. ತಾನು ಪತ್ಮೋಸ್ ಎಂಬ ದ್ವೀಪದಲ್ಲಿದ್ದೆನೆಂದು ಆ ಗ್ರಂಥದ ಮೊದಲ ಅಧ್ಯಾಯದಲ್ಲಿ ಅವನೇ ಹೇಳಿದ್ದಾನೆ. ನಾನು ಅಲ್ಲಿಗೆ ಹೋದದ್ದು ಮಾತ್ರ ಮತ್ತೊಂದು ಪುಸ್ತಕದ ನಿಮಿತ್ತವಾಗಿ. ಅದು ಈಗ ಅಲ್ಲಿ ಇಲ್ಲವೆಂಬುದು ನನಗೆ ತಿಳಿದೇ ಇದ್ದಿತು. ಇರುವುದನ್ನು ನೋಡುವುದಕ್ಕೆ ಎಲ್ಲರೂ ಹೋಗುತ್ತಾರೆ. ಇದ್ದು ಹೋದುದರ ಸ್ಥಳವನ್ನು ನೋಡುವುದರಲ್ಲಿಯೂ ಒಂದು ಶಿಕ್ಷಣವುಂಟು. ಆ ವಿಷಯವನ್ನೇ ಈ ಸಂಜೆ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಹಡಗು ನಿಲ್ಲುವ ಬಂದರಿಗೆ ಸ್ಕಾಲ ಎಂದು ಹೆಸರು. ಅಲ್ಲಿ ಇಳಿದು ತಲೆ ಎತ್ತಿದರೆ ಬೆಟ್ಟದ ನೆತ್ತಿಯ ಮೇಲೆ ಕಪ್ಪು ಬೂದಿಬಣ್ಣದ ಒಂದು ಕೋಟೆ; ಅದರ ಸುತ್ತ, ತಾಯಿಯ ಸೆರಗನ್ನು ಹಿಡಿದ ಮಕ್ಕಳಂತೆ, ಸುಣ್ಣ ಬಳಿದ ಬಿಳಿಯ ಮನೆಗಳು. ಆ ಊರಿಗೆ ಖೋರ ಎಂದು ಹೆಸರು. ಕೋಟೆಯೆಂದು ತೋರುವುದು ಕೋಟೆಯಲ್ಲ. ಅದೇ ಸಂತ ಯೋಹಾನನ ಮಠ. ಮೇಲಕ್ಕೆ ಹೋಗಲು ಮೋಟಾರಿನ ದಾರಿ ಉಂಟು. ಆದರೆ ಕಾಲಲ್ಲಿ ಶಕ್ತಿಯಿರುವವರು ಕಲ್ಲು ಹಾಸಿದ ಹಳೆಯ ಕಾಲುದಾರಿಯನ್ನೇ ಹಿಡಿಯತಕ್ಕದ್ದು. ಯಾತ್ರಿಕರೂ ಹೇಸರಗತ್ತೆಗಳೂ ಶತಮಾನಗಳಿಂದ ಸವೆಸಿದ ದಾರಿ ಅದು. ಬೆಳಗಿನ ತಂಪಿನಲ್ಲಿ ಹೊರಟರೆ ಒಳ್ಳೆಯದು. ಮಧ್ಯಾಹ್ನದ ಬಿಸಿಲಿಗೆ ಅಲ್ಲಿಯ ಬಂಡೆ ಕಾಯುತ್ತದೆ.

ಅರ್ಧ ಬೆಟ್ಟ ಹತ್ತಿದಾಗ ಪ್ರಕಟನೆಯ ಗುಹೆ ಸಿಕ್ಕುತ್ತದೆ. ಗುಹೆಯೆಂದರೆ ಹೊರಗಿನಿಂದ ಗುಹೆಯಾಗಿ ಕಾಣುವುದಿಲ್ಲ. ಅದನ್ನು ಬಳಸಿ ಒಂದು ಚಿಕ್ಕ ಮಠವನ್ನು ಕಟ್ಟಿದ್ದಾರೆ. ಮೆಟ್ಟಲುಗಳನ್ನು ಇಳಿದು ಹೋದರೆ ಸಂತ ಅನ್ನಳ ಪುಟ್ಟ ಇಗರ್ಜಿ; ಅದರ ಒಂದು ಮಗ್ಗುಲೇ ಗುಹೆಯ ಬಂಡೆ. ರೋಮಿನ ಚಕ್ರವರ್ತಿ ಡೊಮಿಷಿಯನ್ನನ ಕಾಲದಲ್ಲಿ, ಸುಮಾರು ಕ್ರಿಸ್ತಶಕ 95ರಲ್ಲಿ, ಯೋಹಾನನನ್ನು ಇಲ್ಲಿಗೆ ಗಡೀಪಾರು ಮಾಡಿದರೆಂದು ಸಂಪ್ರದಾಯ. ಅವನು ತಲೆಯಿಟ್ಟು ಮಲಗುತ್ತಿದ್ದ ಬಂಡೆಯ ಕುಳಿಗೆ ಬೆಳ್ಳಿಯ ಅಂಚನ್ನು ಕಟ್ಟಿದ್ದಾರೆ. ಮೇಲಿನ ಬಂಡೆ ಮೂರಾಗಿ ಬಿರುಕುಬಿಟ್ಟಿದೆ. ಅದು ದೇವವಾಣಿ ಹೊರಟಾಗ ಸೀಳಿದ್ದೆಂದೂ, ಪಿತ, ಪುತ್ರ, ಪವಿತ್ರಾತ್ಮ ಎಂಬ ಮೂರು ತತ್ತ್ವಗಳ ಗುರುತೆಂದೂ ಭಕ್ತರು ಹೇಳುತ್ತಾರೆ. ಯೋಹಾನನು ನುಡಿಯುತ್ತಿದ್ದಂತೆ ಶಿಷ್ಯನಾದ ಪ್ರೊಖೊರಸನು ನಿಂತು ಬರೆದುಕೊಂಡನೆಂದು ಐತಿಹ್ಯ. ಈ ಯೋಹಾನನೂ ನಾಲ್ಕನೆಯ ಸುವಾರ್ತೆಯನ್ನು ಬರೆದ ಯೋಹಾನನೂ ಒಬ್ಬನೆಯೋ ಬೇರೆಯೋ ಎಂಬ ಚರ್ಚೆ ಪಂಡಿತರಲ್ಲಿ ಹಳೆಯದು. ಗುಹೆಯಲ್ಲಿ ಮಂಡಿಯೂರಿದ ಮುದುಕಿಗೆ ಆ ಚರ್ಚೆಯ ಗೊಡವೆಯಿಲ್ಲ. ನಾನೂ ಅಲ್ಲಿ ನಿಂತಷ್ಟು ಹೊತ್ತು ಅದನ್ನು ನೆನೆಯಲಿಲ್ಲ. ದೀಪದ ಎಣ್ಣೆಯ ವಾಸನೆ, ಕಿರಿದಾದ ಕಿಂಡಿಯಿಂದ ಬರುವ ಕಡಲಿನ ಬೆಳಕು, ಮೌನ, ಇಷ್ಟೇ ಅಲ್ಲಿಯ ಸಂಪತ್ತು. ದೇಶಭ್ರಷ್ಟನಾದ ಒಬ್ಬ ಮುದುಕನ ನುಡಿ ಇಂಥ ಬಿಲದಿಂದ ಹೊರಟು ಲೋಕವನ್ನೆಲ್ಲ ಮುಟ್ಟಿತೆಂದು ನಂಬಿದವರು, ಅಕ್ಷರಕ್ಕೆ ಎಷ್ಟು ಬೆಲೆ ಕೊಟ್ಟಿರಬೇಕು!

ಆ ಬೆಲೆಯನ್ನು ಕೊಟ್ಟವನು ಕ್ರಿಸ್ತೊದೂಲೊಸ್ ಎಂಬ ಸನ್ಯಾಸಿ. ಹೆಸರಿಗೆ ಕ್ರಿಸ್ತನ ದಾಸನೆಂದು ಅರ್ಥ. ಅವನು ಏಷ್ಯಾ ಮೈನರಿನಲ್ಲಿ, ಪ್ರಾಚೀನ ಮಿಲೇಟಸ್ ನಗರದ ಸಮೀಪದ ಲಾಟ್ರೋಸ್ ಬೆಟ್ಟದಲ್ಲಿದ್ದ ಮಠದ ಅಧಿಪತಿಯಾಗಿದ್ದನು. ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಸೆಲ್ಜುಕ್ ತುರ್ಕರ ದಾಳಿಗಳು ಆ ಸೀಮೆಯನ್ನು ನಡುಗಿಸಿದುವು. ಪ್ರಾಣಭಯದಿಂದ ಓಡುವವನು ಸಾಮಾನ್ಯವಾಗಿ ಹಣವನ್ನೋ ಪಾತ್ರೆಯನ್ನೋ ಎತ್ತಿಕೊಳ್ಳುತ್ತಾನೆ. ಕ್ರಿಸ್ತೊದೂಲೊಸನು ಮಠದ ಪುಸ್ತಕಗಳನ್ನು ಅಪಾಯದಿಂದ ಪಾರುಮಾಡಿದನು. ಕೆಲವು ಕಾಲ ಕೋಸ್ ದ್ವೀಪದಲ್ಲಿದ್ದು, ಅಲ್ಲಿಯ ಆಸ್ತಿಯನ್ನು ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಜನರಿಲ್ಲದೆ ಹಾಳುಬಿದ್ದಿದ್ದ ಪತ್ಮೋಸನ್ನು ಚಕ್ರವರ್ತಿಯಿಂದ ಬೇಡಿ ಪಡೆದನು. 1088ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಬೈಜಾಂಟಿಯಮ್ಮಿನ ಚಕ್ರವರ್ತಿ ಒಂದನೆಯ ಅಲೆಕ್ಸಿಯೋಸ್ ಕೊಮ್ನೆನೋಸನು ಸುವರ್ಣಮುದ್ರೆಯ ಶಾಸನವನ್ನು ಬರೆಯಿಸಿ, ಇಡೀ ದ್ವೀಪವನ್ನು ತೆರಿಗೆಯಿಲ್ಲದೆ ಮಠಕ್ಕೆ ದಾನಮಾಡಿದನು. ಆ ಶಾಸನವನ್ನು ಮಠದ ಭಂಡಾರದಲ್ಲಿ ಈಗಲೂ ನೋಡಬಹುದು. ಉದ್ದನೆಯ ಸುರುಳಿ, ಕೊನೆಯಲ್ಲಿ ಕೆಂಪು ಮಸಿಯಲ್ಲಿ ಚಕ್ರವರ್ತಿಯ ಅಂಕಿತ.

ದಾನವೇನೋ ಸಿಕ್ಕಿತು, ಕಟ್ಟುವುದು ಸುಲಭವಾಗಲಿಲ್ಲ. ಸನ್ಯಾಸಿಗಳ ಹೊರತು ಸಂಸಾರಸ್ಥರು ದ್ವೀಪದಲ್ಲಿ ಇರಕೂಡದೆಂದು ಕ್ರಿಸ್ತೊದೂಲೊಸನು ಮೊದಲು ನಿಯಮಿಸಿದ್ದನು. ಆದರೆ ಹೆಂಡಿರು ಮಕ್ಕಳನ್ನು ಬಿಟ್ಟು ಬರಲು ಕೆಲಸಗಾರರು ಒಪ್ಪಲಿಲ್ಲ. ಕೊನೆಗೆ ನಿಯಮ ಸಡಿಲವಾಯಿತು. ಅವರ ಕುಟುಂಬಗಳಿಗೆ ದ್ವೀಪದಲ್ಲಿ ಬೇರೆಯೇ ಒಂದು ಭಾಗವನ್ನು ಬಿಟ್ಟುಕೊಟ್ಟರು. ತುರ್ಕರ ನೌಕಾದಾಳಿ ಇಲ್ಲಿಗೂ ಬಂದಿತು; ಸ್ಥಾಪಕನೇ ದ್ವೀಪವನ್ನು ತೊರೆದು ಯೂಬಿಯಕ್ಕೆ ಹೋಗಬೇಕಾಯಿತು. 1093ರಲ್ಲಿ ಅಲ್ಲಿಯೇ ತೀರಿಕೊಂಡನು. ಶಿಷ್ಯರು ಅವನ ದೇಹವನ್ನು ಮರಳಿ ಪತ್ಮೋಸಿಗೆ ತಂದರು. ಮಠದ ಒಳಗೆ ಅವನ ಹೆಸರಿನ ಚಿಕ್ಕ ಗುಡಿಯಲ್ಲಿ ಬೆಳ್ಳಿಯ ತಗಡು ಹೊದಿಸಿದ ಪೆಟ್ಟಿಗೆಯಲ್ಲಿ ಅವನ ಅವಶೇಷಗಳಿವೆ.

ಈ ಚರಿತ್ರೆಯನ್ನು ಬಲ್ಲವರಿಗೆ ಮಠವು ಕೋಟೆಯ ರೂಪವನ್ನು ಏಕೆ ತಾಳಿತೆಂಬುದು ವಿಶದವಾಗುತ್ತದೆ. ಸುತ್ತಲೂ ಕಡಲುಗಳ್ಳರು. ಅದಕ್ಕೆಂದೇ ಹದಿನೈದು ಮೀಟರಿಗೂ ಮೀರಿದ ಗೋಡೆಗಳು, ಮೇಲೆ ತೆನೆಗಳು. ಹೆಬ್ಬಾಗಿಲ ನೆತ್ತಿಯಲ್ಲಿ ಒಂದು ಕಂಡಿ. ಒಳನುಗ್ಗುವ ಶತ್ರುವಿನ ತಲೆಯ ಮೇಲೆ ಕಾದ ಎಣ್ಣೆಯನ್ನು ಸುರಿಯುವುದಕ್ಕೆ ಮಾಡಿದ್ದು. ಪ್ರಾರ್ಥನೆಯ ಮನೆಗೆ ಎಣ್ಣೆಯ ಕಂಡಿ! ಇದನ್ನು ನೋಡಿ ನಕ್ಕುಬಿಡುವುದು ಸುಲಭ; ಆದರೆ ಈ ಗೋಡೆಗಳು ಇಲ್ಲದಿದ್ದರೆ ಒಳಗಿನ ಯಾವುದೂ ನಮ್ಮ ಕಾಲದವರೆಗೆ ಉಳಿಯುತ್ತಿರಲಿಲ್ಲ.

ಬಾಗಿಲನ್ನು ದಾಟಿದೊಡನೆ ಬಿಸಿಲಿನ ಧಗೆ ಹಿಂದೆ ಉಳಿಯುತ್ತದೆ. ಬೆಣಚುಕಲ್ಲು ಹಾಸಿದ ಅಂಗಳ, ಒಂದರ ಮೇಲೊಂದು ಕಮಾನು, ಮೇಲುಪ್ಪರಿಗೆ ಕೆಳಮಾಳಿಗೆಗಳ ಹೆಣಿಗೆ. ಅಂಗಳದ ಮಗ್ಗುಲಲ್ಲಿ ಮುಖ್ಯ ದೇವಾಲಯ. ಸ್ಥಾಪಕನ ಕಾಲದಲ್ಲೇ ಎದ್ದದ್ದು. ನಾಲ್ಕು ಕಂಬಗಳ ಮೇಲೆ ಗುಮ್ಮಟವನ್ನು ಹೊತ್ತ ಶಿಲುಬೆಯಾಕಾರದ ಕಟ್ಟಡ. ಗರ್ಭಗೃಹವನ್ನು ಮರೆಮಾಡುವ ಮರದ ಕೆತ್ತನೆಯ ತೆರೆ 1820ರದು. ಬಳ್ಳಿ, ಹಕ್ಕಿ, ಸಂತರ ಮುಖಗಳು ಒಂದರೊಳಗೊಂದು ತೊಡರಿ ಕಣ್ಣಿಗೆ ಬಿಡುವನ್ನೇ ಕೊಡುವುದಿಲ್ಲ. ಅದರ ಪಕ್ಕದ ಕನ್ಯೆ ಮರಿಯಳ ಗುಡಿ ಗಾತ್ರದಲ್ಲಿ ಬಹಳ ಕಿರಿದು. ಆದರೆ ಮಠದ ಅತ್ಯಂತ ಬೆಲೆಯುಳ್ಳ ಚಿತ್ರಗಳು ಅಲ್ಲಿಯೇ ಇವೆ. ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ಬರೆದ ಆ ಭಿತ್ತಿಚಿತ್ರಗಳ ಮೇಲೆ ಮುಂದಿನವರು ಬೇರೆ ಚಿತ್ರಗಳನ್ನು ಬರೆದು ಮುಚ್ಚಿದ್ದರು. 1956ರ ಭೂಕಂಪದಲ್ಲಿ ಗೋಡೆಗಳು ಜಖಂ ಆಗಿ, ದುರಸ್ತಿಗೆಂದು ತೊಡಗಿದಾಗ ಒಳಗಿನ ಹಳೆಯ ವರ್ಣ ಹೊರಬಿದ್ದಿತು. ಅಬ್ರಹಾಮನು ಮೂವರು ದೇವದೂತರಿಗೆ ಆತಿಥ್ಯವಿಡುವ ದೃಶ್ಯ ಅವುಗಳಲ್ಲೊಂದು. ಅತಿಥಿಗಳ ಮುಖದಲ್ಲಿ ಅದೇನೋ ಗಾಂಭೀರ್ಯ. ಉಣಬಡಿಸುವವನ ಬಾಗಿದ ಬೆನ್ನಿನಲ್ಲಿ ಅದೇನೋ ಆತುರ. ಅತಿಥಿಸತ್ಕಾರದ ಈ ಚಿತ್ರವನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ಇದೇ ಮಠಕ್ಕೆ ಬಂದ ಮತ್ತೊಬ್ಬ ಅತಿಥಿಯ ವಿಷಯವನ್ನು ಮುಂದೆ ಹೇಳಬೇಕಾಗಿದೆ.

ಇನ್ನು ಪುಸ್ತಕ ಭಂಡಾರ. ನಮ್ಮ ಹಿರಿಯರಿಗೆ ಓಲೆಗರಿ ಇದ್ದಂತೆ ಅವರಿಗೆ ಹದಮಾಡಿದ ಚರ್ಮಪತ್ರವಿದ್ದಿತು. 1200ನೆಯ ಇಸವಿಯಲ್ಲಿ ಮಠದವರು ಬರೆದಿಟ್ಟ ಪಟ್ಟಿ ಇಂದಿಗೂ ಉಳಿದಿದೆ. ಅದರಲ್ಲಿ 330 ಗ್ರಂಥಗಳು: 267 ಚರ್ಮಪತ್ರದವು, 63 ಕಾಗದದವು. ಅಚ್ಚಿನ ಯಂತ್ರ ಬರುವುದಕ್ಕೆ ಎರಡೂವರೆ ಶತಮಾನಗಳ ಹಿಂದೆ, ಸಮುದ್ರದ ನಡುವಣ ಬಂಡೆಯೊಂದರ ಮೇಲೆ ಇಷ್ಟು ಪುಸ್ತಕಗಳಿದ್ದುದು ಸಾಮಾನ್ಯವಲ್ಲ. ಈಗ ಅಲ್ಲಿ ಸಾವಿರದಷ್ಟು ಕೈಬರಹದ ಗ್ರಂಥಗಳಿವೆಯೆಂದು ಲೆಕ್ಕ. ಗ್ರಂಥಾಲಯಕ್ಕೆ ಸಾಮಾನ್ಯ ಯಾತ್ರಿಕನಿಗೆ ಪ್ರವೇಶವಿಲ್ಲ. ಅನುಮತಿ ಪಡೆದ ವಿದ್ವಾಂಸರಿಗೆ ಮಾತ್ರ. ಆದರೆ ಕೆಲವನ್ನು ಆರಿಸಿ ವಸ್ತುಭಂಡಾರದಲ್ಲಿ ಗಾಜಿನ ಹಿಂದೆ ಇಟ್ಟಿದ್ದಾರೆ. ಆರನೆಯ ಶತಮಾನದಲ್ಲಿ, ನೇರಳೆ ಬಣ್ಣ ಹಾಕಿದ ಚರ್ಮದ ಮೇಲೆ ಬೆಳ್ಳಿಯ ಅಕ್ಷರಗಳಲ್ಲಿ ಬರೆದ ಸುವಾರ್ತೆಯ 33 ಹಾಳೆಗಳು ಈ ಮಠದವು. ದೇವರ ನಾಮ ಬಂದ ಕಡೆ ಮಾತ್ರ ಬೆಳ್ಳಿ ಹೋಗಿ ಚಿನ್ನವಾಗುತ್ತದೆ. ಅದೇ ಗ್ರಂಥದ ಬಹುಭಾಗ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ; ಉಳಿದ ಕೆಲವು ಹಾಳೆಗಳು ಬೇರೆ ಬೇರೆ ಊರುಗಳಲ್ಲಿ. ದಕ್ಷಿಣ ಇಟಲಿಯ ರೆಜ್ಜೊ ಎಂಬಲ್ಲಿ 941ರಲ್ಲಿ ನಕಲಾದ ಸಂತ ಗ್ರೆಗೊರಿಯ ಉಪದೇಶಗಳ ಪ್ರತಿಯೂ ಈ ಮಠದ ಸ್ವತ್ತು.

ನಾನು ನೆನೆದು ಹೋದ ಪುಸ್ತಕ ಇವುಗಳ ಸಾಲಿನಲ್ಲಿ ಇರಬೇಕಾಗಿತ್ತು. ಅದು ಪ್ಲೇಟೋವಿನ ಸಂವಾದಗಳ ಪ್ರತಿ. 895ನೆಯ ಇಸವಿಯ ನವೆಂಬರಿನಲ್ಲಿ ಯೋಹಾನನೆಂಬ ಲಿಪಿಕಾರನು, ಪಾತ್ರಾಸಿನ ಅರೆಥಾಸನೆಂಬ ಧರ್ಮಾಧಿಕಾರಿಗಾಗಿ ಬರೆದುಕೊಟ್ಟದ್ದು. ಬರೆದ ಕೂಲಿ 13 ಚಿನ್ನದ ನಾಣ್ಯಗಳು, ಚರ್ಮಪತ್ರಕ್ಕೆ 8 ನಾಣ್ಯಗಳು ಎಂಬ ಲೆಕ್ಕವೂ ಅದರ ಕೊನೆಯಲ್ಲಿದೆ. ಒಟ್ಟು 24 ಸಂವಾದಗಳು. ಸಾಕ್ರಟೀಸನು ನ್ಯಾಯಸ್ಥಾನದಲ್ಲಿ ಆಡಿದ ಮಾತು, ವಿಷದ ಬಟ್ಟಲನ್ನು ಕುಡಿದ ದಿನದ ಕಥೆ, ಎಲ್ಲವೂ ಅದರಲ್ಲಿವೆ. ಅಂಚಿನಲ್ಲಿ ಅರೆಥಾಸನು ಸ್ವಹಸ್ತದಿಂದ ಬರೆದ ಟಿಪ್ಪಣಿಗಳಿವೆ. ಪ್ಲೇಟೋ ಕ್ರಿಸ್ತನಿಗಿಂತ ನಾಲ್ಕು ಶತಮಾನ ಹಿಂದಿನವನು. ಈ ಸನ್ಯಾಸಿಗಳ ದೇವರನ್ನು ಅರಿಯದವನು. ಆದರೂ ಒಬ್ಬ ಕ್ರೈಸ್ತ ಧರ್ಮಾಧಿಕಾರಿ ಚಿನ್ನ ತೆತ್ತು ಅವನನ್ನು ಬರೆಯಿಸಿದನು; ಒಂದು ಕ್ರೈಸ್ತ ಮಠ ಅವನಿಗೆ ತನ್ನ ಗೋಡೆಯ ಒಳಗೆ ನೆಲೆ ಕೊಟ್ಟಿತು. ಪ್ಲೇಟೋವಿನ ಈ ಸಂವಾದಗಳ ಉಳಿದಿರುವ ಅತ್ಯಂತ ಹಳೆಯ ಸಮಗ್ರ ಪ್ರತಿಗಳಲ್ಲಿ ಇದು ಒಂದು.

1801ರಲ್ಲಿ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ ಎಂಬ ಇಂಗ್ಲಿಷ್ ಪ್ರವಾಸಿ ಪತ್ಮೋಸಿಗೆ ಬಂದನು. ಕೇಂಬ್ರಿಜ್ಜಿನ ವಿದ್ವಾಂಸ, ಮುಂದೆ ಅಲ್ಲಿಯೇ ಖನಿಜಶಾಸ್ತ್ರದ ಮೊದಲ ಪ್ರಾಧ್ಯಾಪಕನಾದವನು. ಮಠದವರು ಅವನನ್ನು ಗ್ರಂಥಾಲಯಕ್ಕೆ ಕರೆದೊಯ್ದರು. ಅಚ್ಚಾದ ಪುಸ್ತಕಗಳನ್ನು ಓರಣವಾಗಿ ಇಟ್ಟಿದ್ದರಂತೆ. ಕೈಬರಹದ ಗ್ರಂಥಗಳು ಮಾತ್ರ ಒಂದು ಮೂಲೆಯಲ್ಲಿ ಧೂಳು ತಿನ್ನುತ್ತ ರಾಶಿಬಿದ್ದಿದ್ದುವಂತೆ. ರಾಶಿಯನ್ನು ಕೆದಕಿದಾಗ ಪ್ಲೇಟೋ ಕೈಗೆ ಸಿಕ್ಕಿದನು. ಕ್ಲಾರ್ಕನು ಮಠದ ಹಿರಿಯರೊಡನೆ ಗುಟ್ಟಾಗಿ ವ್ಯಾಪಾರ ಕುದುರಿಸಿದನು. ಹಗಲಿನಲ್ಲಿ ತೆಗೆದುಕೊಂಡು ಹೋದರೆ ಊರಿನವರ ಕಣ್ಣಿಗೆ ಬೀಳುವ ಭಯ. ಮಠದಿಂದ ಹಡಗಿಗೆ ರೊಟ್ಟಿ ಬರುವುದಿದ್ದಿತು. ರೊಟ್ಟಿಯ ಬುಟ್ಟಿಯೊಳಗೆ ಪುಸ್ತಕಗಳೂ ಇಳಿದು ಬಂದುವು. ಇದನ್ನೆಲ್ಲ ಕ್ಲಾರ್ಕನೇ ತನ್ನ ಪ್ರವಾಸ ಕಥನದಲ್ಲಿ, ನಾಚಿಕೆಯಿಲ್ಲದೆ, ಸ್ವಲ್ಪ ಹೆಮ್ಮೆಯಿಂದಲೇ ಬರೆದಿದ್ದಾನೆ. 1809ರಲ್ಲಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯವು ಅವನಿಂದ ಅದನ್ನು ಕೊಂಡಿತು. ಇಂದಿಗೂ ಅಲ್ಲಿ ಅದು ಕ್ಲಾರ್ಕನ ಸಂಗ್ರಹದ 39ನೆಯ ಸಂಖ್ಯೆ. ಬರೆಯಿಸಿದವನ ಹೆಸರಿಲ್ಲ, ಕಾದವರ ಹೆಸರಿಲ್ಲ. ಒಯ್ದವನ ಹೆಸರು ನಿಂತಿತು.

ಕಡಲುಗಳ್ಳರಿಗೆ ಹೆದರಿ ಗೋಡೆಯನ್ನು ಎತ್ತರಿಸಿದ್ದರು. ಬಾಗಿಲ ಮೇಲೆ ಕಾದ ಎಣ್ಣೆಯನ್ನು ಸಿದ್ಧಮಾಡಿದ್ದರು. ಆದರೆ ಪ್ಲೇಟೋ ಹೋದದ್ದು ಅದೇ ಬಾಗಿಲಿನಿಂದ, ಹಗೆಯ ಕೈಯಲ್ಲಲ್ಲ, ಅತಿಥಿಯ ಕೈಗೆ, ರೊಟ್ಟಿಯ ಜೊತೆಯಲ್ಲಿ. ಆ ಹೊತ್ತಿನಲ್ಲಿ ಅವರಿಗೆ ಅದರ ಬೆಲೆ ತಿಳಿದಿರಲಿಲ್ಲ. ಬೆಲೆ ತಿಳಿಯದವನಿಗೆ ಕೋಟೆಯಿಂದ ಏನು ಪ್ರಯೋಜನ?

ಹಾಗೆಂದು ಒಂದೇ ಪಕ್ಷವನ್ನು ಹಿಡಿಯುವುದು ನ್ಯಾಯವಲ್ಲ. ಕ್ಲಾರ್ಕನು ಒಯ್ಯದಿದ್ದರೆ ಆ ಗ್ರಂಥ ಗೆದ್ದಲಿಗೋ ತೇವಕ್ಕೋ ತುತ್ತಾಗುತ್ತಿದ್ದಿತೆಂದು ಹೇಳುವವರಿದ್ದಾರೆ. ಆಕ್ಸ್‌ಫರ್ಡಿನಲ್ಲಿ ಅದು ಕ್ಷೇಮವಾಗಿದೆ, ವಿದ್ವಾಂಸರಿಗೆ ಒದಗುತ್ತದೆ, ಎಂಬುದೂ ನಿಜ. ಆದರೆ ಏಳು ಶತಮಾನ ಆ ಭಂಡಾರವನ್ನು ಉಳಿಸಿದವರು ಯಾರು? ಲಾಟ್ರೋಸಿನಿಂದ ಪುಸ್ತಕಗಳನ್ನು ಹೊರಿಸಿಕೊಂಡು ಬಂದವನು ಯಾರು? ಪಟ್ಟಿ ಬರೆದವರು, ನಕಲು ಮಾಡಿದವರು, ದಾಳಿಗಳ ನಡುವೆ ಬಾಗಿಲು ಹಾಕಿ ಕುಳಿತವರು ಯಾರು? ಒಂದು ತಲೆಮಾರಿನ ಅಲಕ್ಷ್ಯವನ್ನು ಮುಂದೆಮಾಡಿ ಇಪ್ಪತ್ತು ತಲೆಮಾರುಗಳ ಕಾವಲನ್ನು ಅಳಿಸಿಹಾಕುವುದು ಧರ್ಮವಲ್ಲ. ಮೇಲಾಗಿ, ಉಳಿಸುವುದೇ ಉದ್ದೇಶವಾಗಿದ್ದರೆ ರೊಟ್ಟಿಯ ಬುಟ್ಟಿ ಬೇಕಾಗಿರಲಿಲ್ಲ.

ಮಠದವರು ಎಚ್ಚೆತ್ತರು. ಇದು ನನ್ನ ಕಥೆಯ ಮುಖ್ಯಭಾಗ. ಮರುವರ್ಷವೇ, 1802ರ ಆಗಸ್ಟಿನಲ್ಲಿ, ಗ್ರಂಥಾಲಯದ ಬಾಗಿಲಿಗೆ ಒಂದು ಬರಹವನ್ನು ಹಾಕಿದರು. ಇಲ್ಲಿರುವ ಕೈಬರಹಗಳು ತಿಳಿದವನಿಗೆ ಚಿನ್ನಕ್ಕಿಂತ ಹೆಚ್ಚಿನವು, ನಿಮ್ಮ ಪ್ರಾಣಕ್ಕಿಂತ ಜಾಗರೂಕರಾಗಿ ಇವನ್ನು ಕಾಯಿರಿ, ಮಠಕ್ಕೆ ಕೀರ್ತಿ ಬಂದಿರುವುದು ಇವುಗಳಿಂದಲೇ, ಎಂದು ಅದರ ತಾತ್ಪರ್ಯ. ಕಳೆದುಕೊಂಡವನ ಕೈ ಬರೆದ ಮಾತು ಇದು. ಗೆದ್ದವನ ಬಾಯಲ್ಲಿ ಇಂಥ ಮಾತು ಬರುವುದಿಲ್ಲ.

ಬೆಲೆ ತಿಳಿಸುವ ಕೆಲಸವನ್ನು ದ್ವೀಪದ ಮತ್ತೊಂದು ಸಂಸ್ಥೆ ಆಗಲೇ ಮಾಡುತ್ತಿದ್ದಿತು. 1713ರಲ್ಲಿ ಮಕಾರಿಯೋಸ್ ಕಲೊಗೆರಾಸ್ ಎಂಬ ವಿದ್ವಾಂಸ ಸನ್ಯಾಸಿ, ಪ್ರಕಟನೆಯ ಗುಹೆಯ ಬಳಿಯಲ್ಲಿ ಒಂದು ಪಾಠಶಾಲೆಯನ್ನು ತೆರೆದಿದ್ದನು. ತುರ್ಕರ ಆಳ್ವಿಕೆಯ ಕಾಲದಲ್ಲಿ ಗ್ರೀಕ್ ವಿದ್ಯೆಯ ದೀಪಗಳಲ್ಲಿ ಅದೂ ಒಂದು. ಗ್ರೀಸಿನ ಸ್ವಾತಂತ್ರ್ಯಕ್ಕಾಗಿ 1814ರಲ್ಲಿ ಒಡೆಸ್ಸದಲ್ಲಿ ಗುಪ್ತಸಂಘವನ್ನು ಸ್ಥಾಪಿಸಿದ ಮೂವರಲ್ಲಿ ಒಬ್ಬನಾದ ಎಮ್ಮಾನುಯೆಲ್ ಕ್ಸಾಂಥೋಸನು ಪತ್ಮೋಸಿನವನು, ಆ ಶಾಲೆಯಲ್ಲಿ ಓದಿದವನು. 1912ರಿಂದ ದ್ವೀಪ ಇಟಲಿಯವರ ಕೈಯಲ್ಲಿತ್ತು. ಆ ಆಳ್ವಿಕೆಯಲ್ಲಿ ಮುಚ್ಚಿದ್ದ ಶಾಲೆ 1947ರಲ್ಲಿ ಮತ್ತೆ ತೆರೆಯಿತು. 1948ರಲ್ಲಿ ದ್ವೀಪಗಳು ವಿಧ್ಯುಕ್ತವಾಗಿ ಗ್ರೀಸಿಗೆ ಸೇರಿದುವು. ಓದುವವರು ಇದ್ದರೆ ಮಾತ್ರ ಪುಸ್ತಕಕ್ಕೆ ಕಾವಲು ಉಂಟು.

ಖೋರದ ಕಿರುಗಲ್ಲಿಗಳಲ್ಲಿ ಇನ್ನೂ ಅನೇಕ ಗುಡಿಗಳಿವೆ. ಮುಖ್ಯ ಮಠಕ್ಕೆ ಸ್ವಲ್ಪ ದೂರದಲ್ಲೇ 1607ರಲ್ಲಿ ಸ್ಥಾಪಿತವಾದ ಸನ್ಯಾಸಿನಿಯರ ಮಠವುಂಟು. ಜೀವದ ಚಿಲುಮೆಯೆಂದು ಅದರ ಹೆಸರು. ಊರಿನ ಕೆಳಗಿನ ಇಳಿಜಾರಿನಲ್ಲಿ 1937ರಲ್ಲಿ ಆರಂಭವಾದ ಮತ್ತೊಂದು ಸನ್ಯಾಸಿನಿಯರ ಮಠವಿದೆ. ಅಲ್ಲಿಯ ಕಸೂತಿ ಪ್ರಸಿದ್ಧವಾದುದು. ಗುಡ್‌ಫ್ರೈಡೆಯ ಹಿಂದಿನ ದಿನ ಖೋರದ ಚೌಕದಲ್ಲಿ, ಕ್ರಿಸ್ತನು ಶಿಷ್ಯರ ಪಾದ ತೊಳೆದುದರ ನೆನಪಿಗಾಗಿ, ಮಠಾಧಿಪತಿಯು ಹನ್ನೆರಡು ಜನ ಸನ್ಯಾಸಿಗಳ ಪಾದಗಳನ್ನು ಜನಸಮೂಹದ ಮುಂದೆ ತೊಳೆಯುತ್ತಾನೆ. 1999ರಲ್ಲಿ ಯುನೆಸ್ಕೊ ಸಂಸ್ಥೆಯು ಖೋರ, ಮಠ, ಗುಹೆ ಈ ಮೂರನ್ನೂ ವಿಶ್ವ ಪರಂಪರೆಯ ಸ್ಥಾನಗಳ ಪಟ್ಟಿಗೆ ಸೇರಿಸಿತು. ಹೋಗುವವರು ಮೈ ತುಂಬ ಬಟ್ಟೆ ತೊಟ್ಟು, ದನಿ ತಗ್ಗಿಸಿ, ಪೂಜೆಯ ಹೊತ್ತನ್ನು ಅರಿತು ಹೋಗುವುದು ಉಚಿತ. ಅದು ಪ್ರದರ್ಶನಶಾಲೆಯಲ್ಲ, ಇಂದಿಗೂ ಜನ ಪ್ರಾರ್ಥಿಸುವ ಮನೆ.

ಸಂಜೆ ಹಡಗಿಗೆ ಕಾಯುತ್ತ ಸ್ಕಾಲದ ಕಟ್ಟೆಯ ಮೇಲೆ ಕುಳಿತು ಮೇಲಕ್ಕೆ ನೋಡಿದೆನು. ಕತ್ತಲಾಗುತ್ತಿದ್ದಂತೆ ಬಿಳಿಯ ಮನೆಗಳು ಮಸುಕಾಗಿ ಮಠದ ಕಪ್ಪು ಗೋಡೆ ಮಾತ್ರ ಆಕಾಶಕ್ಕೆ ಅಂಟಿಕೊಂಡು ನಿಂತಿತು. ಬಗಲಲ್ಲಿ ಯಾರೋ ಅಂಗಡಿಯಿಂದ ರೊಟ್ಟಿಯನ್ನು ಕಟ್ಟಿಸಿಕೊಂಡು ಹೋಗುತ್ತಿದ್ದರು. ಇದೇ ಕಡಲಕರೆಗೆ ಆ ಬುಟ್ಟಿಯೂ ಇಳಿದು ಬಂದಿರಬೇಕು. ಕಲ್ಲಿನ ಗೋಡೆಯನ್ನು ಒಮ್ಮೆ ಕಟ್ಟಿದರೆ ಶತಮಾನಗಳವರೆಗೆ ನಿಲ್ಲುತ್ತದೆ. ಬೆಲೆಯ ಅರಿವು ಹಾಗಲ್ಲ. ಅದನ್ನು ತಲೆಮಾರು ತಲೆಮಾರಿಗೂ ಹೊಸದಾಗಿ ಕಟ್ಟಬೇಕು. ಯಾವ ಒಂದು ತಲೆಮಾರು ಮರೆತರೂ ಸಾಕು, ಬಾಗಿಲು ತೆರೆದಂತೆಯೇ. ಪತ್ಮೋಸಿನ ಸನ್ಯಾಸಿಗಳು ಇದನ್ನು ಒಂದು ಪುಸ್ತಕವನ್ನು ತೆತ್ತು ಕಲಿತರು. ಉಳಿದುವನ್ನು ಇಂದಿಗೂ ಕಾಯುತ್ತಿದ್ದಾರೆ. ನಮಗೆ ಆ ಬೆಲೆಯನ್ನು ತೆರದೆಯೇ ಕಲಿಯುವ ಅವಕಾಶವುಂಟು.